ಸರ್ವರಿನ ಮರೆವು: ಒಂದು ಚಾರಿತ್ರಿಕ ವಿವೇಚನೆ

ಸಿ, ಜಾವಾ ಮುಂತಾದ ಭಾಷೆಗಳಲ್ಲಿ ಹಲವು ವರ್ಷ ಪ್ರೋಗ್ರಾಂ ಬರೆದು ನುರಿತವರು ಸಹ ವೆಬ್ಬಿನ ಸರ್ವರ್ ಬದಿಯ ಕೆಲಸಕ್ಕೆ ಕೈಹಾಕಿದಾಗ ಮೊದಮೊದಲು ತಡವರಿಸುವುದುಂಟು. ಹೊಸ ಭಾಷೆಯ ಅಪರಿಚಯವೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಅದು ಸರಿಯಲ್ಲ, ಭಾಷೆಯನ್ನು ಅಂಥವರು ಕೆಲವೇ ವಾರಗಳಲ್ಲಿ ಕಲಿತುಬಿಡಬಲ್ಲರು. ಬಹುಕಾಲದಿಂದ ರೂಢಿಸಿಕೊಂಡು ಬಂದ ಒಂದು ನಂಬಿಕೆ ಇಲ್ಲಿ ಸಲ್ಲದೆಂಬುದೇ ನಿಜವಾದ ತೊಡಕು. ಮೇಜಿನ ಮೇಲಿನ ಗಣಕಯಂತ್ರದಲ್ಲಿ ನಡೆಯುವ ಪ್ರೋಗ್ರಾಂ ತನ್ನ ಮುಂದೆ ಕುಳಿತವನನ್ನು ಕೊನೆಯವರೆಗೂ ಬಲ್ಲದು. ವೇರಿಯಬಲ್ ಒಂದರಲ್ಲಿ ಇರಿಸಿದ ಬೆಲೆ ಮರುಕ್ಷಣವೂ ಅಲ್ಲಿಯೇ ಇರುತ್ತದೆ. ವೆಬ್ ಸರ್ವರಾದರೋ ಕೋರಿಕೆಗೆ ಉತ್ತರ ಕೊಟ್ಟೊಡನೆ ಕೋರಿದವನನ್ನು ಮರೆತುಬಿಡುತ್ತದೆ. ಈ ಮರೆವು ಎಲ್ಲಿಂದ ಬಂದಿತೆಂಬುದು ಚರಿತ್ರೆಯ ಪ್ರಶ್ನೆ. ಆದುದರಿಂದ ಇತಿಹಾಸದ ಅಧ್ಯಾಪಕನೊಬ್ಬನು ಇದನ್ನು ವಿವೇಚಿಸಹೊರಟರೆ ಅನಧಿಕಾರ ಪ್ರವೇಶವೆನಿಸಲಾರದೆಂದು ನಂಬಿದ್ದೇನೆ.

ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ತಮ್ಮ ಯೋಜನೆಯನ್ನು ಮುಂದಿಟ್ಟರು. 1990ರ ಕೊನೆಯ ವೇಳೆಗೆ ಮೊದಲ ಸರ್ವರ್ ನಡೆಯತೊಡಗಿತು. ಸಂಶೋಧಕರ ಬರೆಹಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಓದಿಸುವುದು ಅವರ ಉದ್ದೇಶ. ಆ ಉದ್ದೇಶಕ್ಕೆ ತಕ್ಕಂತೆ ಎಚ್.ಟಿ.ಟಿ.ಪಿ. ಎಂಬ ಸಂವಹನ ನಿಯಮವೂ ಅತ್ಯಂತ ಸರಳವಾಗಿದ್ದಿತು: ಬ್ರೌಸರು ಒಂದೇ ಸಾಲಿನಲ್ಲಿ ಇಂಥ ಪುಟ ಬೇಕೆಂದು ಕೇಳುವುದು, ಸರ್ವರು ಅದನ್ನು ಕೊಟ್ಟು ಸಂಪರ್ಕವನ್ನು ಕಡಿದುಕೊಳ್ಳುವುದು. ಪುಟವನ್ನು ಎತ್ತಿಕೊಡುವವನಿಗೆ ಓದುಗನು ನಿನ್ನೆ ಏನನ್ನು ಓದಿದನೆಂಬ ವಿಚಾರ ಬೇಕಾಗಿಲ್ಲವಷ್ಟೆ. ನೆನಪಿನ ಹೊರೆಯಿಲ್ಲದ್ದರಿಂದಲೇ ಸಣ್ಣ ಯಂತ್ರವೂ ಬಹುಮಂದಿಗೆ ಉತ್ತರಿಸಬಲ್ಲುದಾಯಿತು. 2000ದಲ್ಲಿ ರಾಯ್ ಫೀಲ್ಡಿಂಗ್ ಅವರು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ಮರೆವನ್ನೇ ವೆಬ್ಬಿನ ಮೂಲ ನಿಯಮಗಳಲ್ಲೊಂದಾಗಿ ನಿರೂಪಿಸಿದರು.

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್.ಸಿ.ಎಸ್.ಎ. ಕೇಂದ್ರದಿಂದ ಸಿ.ಜಿ.ಐ. ಎಂಬ ಏರ್ಪಾಡು ಬಂದಿತು. ಸಿದ್ಧವಾಗಿರುವ ಪುಟವನ್ನು ಕಳುಹಿಸುವ ಬದಲು, ಪ್ರೋಗ್ರಾಂ ಒಂದನ್ನು ಓಡಿಸಿ ಅದರ ಫಲವನ್ನು ಪುಟವಾಗಿ ಕಳುಹಿಸುವುದು ಇದರ ತಾತ್ಪರ್ಯ. ಕೋರಿಕೆ ಬಂದೊಡನೆ ಪ್ರೋಗ್ರಾಂ ಹುಟ್ಟುತ್ತದೆ, ಇನ್‌ಪುಟ್ಟನ್ನು ಓದುತ್ತದೆ, ಔಟ್‌ಪುಟ್ಟನ್ನು ಬರೆಯುತ್ತದೆ, ಸಾಯುತ್ತದೆ. ಯೂನಿಕ್ಸನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನುರಿತ ಪ್ರೋಗ್ರಾಂಕಾರರು ತಮ್ಮ ಕಲಿಕೆಯನ್ನು ಇಲ್ಲಿಂದಲೇ ಆರಂಭಿಸುವುದು ಲೇಸೆಂದು ನನ್ನ ಮತ. ಇಂದು ಇದರ ಬಳಕೆ ವಿರಳವೆಂಬುದು ನಿಜ. ಆದರೆ ಒಂದು ಸಂಜೆ ಕುಳಿತು ಇಂಥದೊಂದನ್ನು ಬರೆದವನಿಗೆ, ಈಚಿನ ಚೌಕಟ್ಟುಗಳು ಯಾವ ಯಾವ ಸಂಗತಿಗಳನ್ನು ಮರೆಮಾಡಿವೆಯೆಂಬುದು ತಾನಾಗಿ ತಿಳಿಯುತ್ತದೆ.

ವೆಬ್ಬಿನಲ್ಲಿ ವ್ಯಾಪಾರ ಮಾಡಬೇಕೆಂಬ ಆಸೆ ಹುಟ್ಟಿದಾಗ ಮರೆವು ಅಡ್ಡಿಯಾಯಿತು. ಕೊಳ್ಳುವವನು ಬುಟ್ಟಿಗೆ ಹಾಕಿದ ಸರಕು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯವಾದರೆ ಅಂಗಡಿ ನಡೆಯುವುದೆಂತು? 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲ್ಲಿ ಅವರು ಇದಕ್ಕೆ ಕುಕಿ ಎಂಬ ಉಪಾಯವನ್ನು ಕಂಡುಹಿಡಿದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವವನು ಭಕ್ತರ ಮುಖಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿಯೊಬ್ಬನಿಗೂ ಒಂದು ಬಿಲ್ಲೆ ಕೊಡುತ್ತಾನೆ. ಕುಕಿಯೂ ಅಂತಹುದೇ ಬಿಲ್ಲೆ. ಸರ್ವರು ಅದನ್ನು ಬ್ರೌಸರಿಗೆ ಕೊಡುತ್ತದೆ, ಬ್ರೌಸರು ಪ್ರತಿ ಕೋರಿಕೆಯೊಡನೆ ಅದನ್ನು ಮರಳಿ ತೋರಿಸುತ್ತದೆ. ಸರ್ವರಿಗೆ ಮನುಷ್ಯನ ಗುರುತು ಎಂದಿಗೂ ಇಲ್ಲ. ಬಿಲ್ಲೆಯ ಗುರುತು ಮಾತ್ರ ಉಂಟು. ಬಿಲ್ಲೆ ಕದ್ದವನಿಗೆ ಚಪ್ಪಲಿಯೂ ದಕ್ಕುತ್ತದೆ. ಸುಲಭವಾಗಿ ಊಹಿಸಬಹುದಾದ 41, 42 ಎಂಬ ಅನುಕ್ರಮ ಸಂಖ್ಯೆಗಳನ್ನು ಬಿಲ್ಲೆಗೆ ಬಳಸಕೂಡದೆಂಬ ನಿಯಮ ಇದರಿಂದ ಬಂದಿದೆ; ಬಿಲ್ಲೆಯನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸಬೇಕೆಂಬ ನಿಯಮವೂ ಹೀಗೆಯೇ ಬಂದುದು. ಸಾರ್ವಜನಿಕ ವೈಫೈಯಲ್ಲಿ ಪಕ್ಕದವರ ಕುಕಿಯನ್ನು ಎಷ್ಟು ಸುಲಭವಾಗಿ ಅಪಹರಿಸಬಹುದೆಂಬುದನ್ನು 2010ರಲ್ಲಿ ಫೈರ್‌ಶೀಪ್ ಎಂಬ ಸಣ್ಣ ಉಪಕರಣವು ಬಹಿರಂಗವಾಗಿ ತೋರಿಸಿಕೊಟ್ಟಿತು. ಅಲ್ಲಿಯವರೆಗೆ ದೊಡ್ಡ ದೊಡ್ಡ ತಾಣಗಳು ಕೂಡ ಪ್ರವೇಶಪದವನ್ನು ಮಾತ್ರ ಮುಚ್ಚಿ, ಬಿಲ್ಲೆಯನ್ನು ಬಯಲಲ್ಲಿ ಕಳುಹಿಸುತ್ತಿದ್ದವು.

ಇಲ್ಲಿಂದ ಮುಂದೆ ಚರಿತ್ರೆ ಒಂದು ವಿಚಿತ್ರ ತಿರುವನ್ನು ಪಡೆಯುತ್ತದೆ. ಕೋರಿಕೆಗೊಂದು ಪ್ರೋಗ್ರಾಂ ಹುಟ್ಟಿ ಸಾಯುವುದು ದುಬಾರಿಯೆನಿಸಿ, 1990ರ ದಶಕದ ಉತ್ತರಾರ್ಧದಲ್ಲಿ ಜಾವಾ ಸರ್ವ್‌ಲೆಟ್‌ನಂತಹ ಏರ್ಪಾಡುಗಳು ಬಂದವು. ಇವುಗಳಲ್ಲಿ ಪ್ರೋಗ್ರಾಂ ಸದಾ ಜೀವಂತವಾಗಿದ್ದು, ಒಂದೇ ಆಬ್ಜೆಕ್ಟು ಅನೇಕರ ಕೋರಿಕೆಗಳಿಗೆ ಏಕಕಾಲದಲ್ಲಿ ಉತ್ತರಿಸುತ್ತದೆ. ಅನುಭವಿಯು ತನ್ನ ಹಳೆಯ ಅಭ್ಯಾಸದಂತೆ ಬಳಕೆದಾರನ ಹೆಸರನ್ನು ಆ ಆಬ್ಜೆಕ್ಟಿನ ವೇರಿಯಬಲ್‌ನಲ್ಲಿ ಇರಿಸುತ್ತಾನೆ. ಒಬ್ಬನೇ ಕುಳಿತು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇಬ್ಬರು ಒಟ್ಟಿಗೆ ಬಂದ ದಿನ ಒಬ್ಬನ ಲೆಕ್ಕಪತ್ರ ಇನ್ನೊಬ್ಬನ ಪರದೆಯ ಮೇಲೆ ಮೂಡುತ್ತದೆ. ಸಿ.ಜಿ.ಐ. ಪ್ರೋಗ್ರಾಂ ಸತ್ತುಹೋಗುತ್ತಿದ್ದುದರಿಂದ ಅಲ್ಲಿ ಈ ಪ್ರಮಾದಕ್ಕೆ ಎಡೆಯೇ ಇರಲಿಲ್ಲ. 2009ರಲ್ಲಿ ಬಂದ ನೋಡ್.ಜೆಎಸ್‌ನಲ್ಲಿಯೂ ಪ್ರೋಗ್ರಾಂ ಸಾಯದೆ ಉಳಿಯುವುದರಿಂದ ಅದೇ ಅಪಾಯ ಮರಳಿ ಬಂದಿತು.

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಅವರು ಪ್ರಕಟಿಸಿದ ಪಿ.ಎಚ್.ಪಿ.ಯು ಕೋರಿಕೆ ಮುಗಿದೊಡನೆ ಎಲ್ಲವನ್ನೂ ಒರಸಿಹಾಕುವ ಪದ್ಧತಿಯನ್ನು ಉಳಿಸಿಕೊಂಡಿತು. ಪಂಡಿತರು ಆ ಭಾಷೆಯನ್ನು ಹಗುರವಾಗಿ ಕಾಣುವುದುಂಟು. ಈ ಒಂದು ಗುಣವನ್ನಾದರೂ ಅವರು ಮೆಚ್ಚಬೇಕು. ಆದರೆ ಹೊರಗಿನಿಂದ ಬಂದ ಮಾತನ್ನು ನಂಬುವ ವಿಷಯದಲ್ಲಿ ಅದು ಎಡವಿತು. ಕೋರಿಕೆಯಲ್ಲಿ ಬಂದ ಹೆಸರುಗಳೆಲ್ಲ ಪ್ರೋಗ್ರಾಮಿನ ವೇರಿಯಬಲ್‌ಗಳಾಗಿ ತಾವಾಗಿಯೇ ಮಾರ್ಪಡುವ ಸೌಕರ್ಯವೊಂದು ಅದರಲ್ಲಿತ್ತು. ‘ಈತ ಅಧಿಕಾರಿ’ ಎಂಬ ವೇರಿಯಬಲ್ಲನ್ನು ಯಾರು ಬೇಕಾದರೂ ಹೊರಗಿನಿಂದಲೇ ತುಂಬಬಹುದಾಗಿದ್ದಿತು! 2002ರಲ್ಲಿ ಅದನ್ನು ರೂಢಿಯಿಂದ ಕೈಬಿಟ್ಟು, 2012ರಲ್ಲಿ ಸಂಪೂರ್ಣವಾಗಿ ತೆಗೆದುಹಾಕಲಾಯಿತು. 2004ರ ರೈಲ್ಸ್, 2005ರ ಜಾಂಗೋ ಮೊದಲಾದ ಚೌಕಟ್ಟುಗಳು ಇಂತಹ ಎಚ್ಚರಿಕೆಗಳನ್ನು ಬಹುಮಟ್ಟಿಗೆ ತಮ್ಮೊಳಗೇ ಅಳವಡಿಸಿಕೊಂಡಿವೆ.

ತಾನು ಬರೆದುದು ಸರ್ವರಿನ ಮರೆವಿಗೆ ಹೊಂದಿಕೊಂಡಿದೆಯೇ ಎಂದು ತಿಳಿಯಲು ಕಲಿಯುವವನಿಗೆ ಎರಡು ಪರೀಕ್ಷೆಗಳು ಸಾಕು. ಬುಟ್ಟಿಗೆ ಸರಕು ಹಾಕಿ, ಸರ್ವರನ್ನು ನಿಲ್ಲಿಸಿ ಮತ್ತೆ ನಡೆಸಿ ನೋಡಬೇಕು. ಬುಟ್ಟಿ ಬರಿದಾಗಿದ್ದರೆ ನೆನಪು ಡೇಟಾಬೇಸಿನಂತಹ ಸ್ಥಿರವಾದ ಎಡೆಯಲ್ಲಿ ಇರದೆ ಪ್ರೋಗ್ರಾಮಿನೊಳಗೇ ಉಳಿದಿದೆಯೆಂದು ಅರ್ಥ. ಬಳಿಕ ಎರಡು ಬ್ರೌಸರುಗಳಲ್ಲಿ ಇಬ್ಬರು ಬಳಕೆದಾರರಾಗಿ ಪ್ರವೇಶಿಸಿ, ಒಬ್ಬನ ಕೋರಿಕೆಗೆ ಉತ್ತರವನ್ನು ಬೇಕೆಂದೇ ಹತ್ತು ಸೆಕೆಂಡು ತಡೆಹಿಡಿದು, ಆ ನಡುವೆ ಇನ್ನೊಬ್ಬನ ಕೋರಿಕೆಯನ್ನು ಕಳುಹಿಸಬೇಕು. ತಡವಾಗಿ ಬಂದ ಪುಟದ ಮೇಲೆ ಯಾರ ಹೆಸರಿದೆಯೆಂಬುದನ್ನು ಆಗ ಓದಿ ನೋಡಬೇಕು.