ಕ್ಯಾಂಪು ಎದ್ದ ಬಯಲಿನ ಹಾಡು

ಕೊಟ್ಟೂರಿನ ತೇರು, ಮೈಲಾರದ ಕಾರಣಿಕ, ಉಚ್ಚಂಗಿದುರ್ಗದ ಜಾತ್ರೆ ಎಂದರೆ ಈ ಸೀಮೆಯ ಹಿರಿಯರಿಗೆ ದೇವರ ಬೆನ್ನಿಗೇ ನೆನಪಾಗುವುದು ನಾಟಕದ ಕಂಪನಿ. ತಗಡು, ತಟ್ಟಿ, ಬಿದಿರಿನ ಥಿಯೇಟರು ಬಯಲಲ್ಲಿ ಏಳುತ್ತಿತ್ತು. ಕ್ಯಾಂಪು ಮುಗಿದರೆ ಎಲ್ಲವೂ ಲಾರಿ ಹತ್ತಿ ಮುಂದಿನ ಊರಿಗೆ.

ಹೀಗೆ ಬಯಲು ಬರಿದಾಗುವ ನೋವು ದೂರದ ಅಮೆರಿಕಕ್ಕೂ ಗೊತ್ತು. ಅಲ್ಲಿನ ಬ್ರೂಕ್ಲಿನ್ ಜನರ ಪ್ರೀತಿಯ ಡಾಡ್ಜರ್ಸ್ ಬೇಸ್‌ಬಾಲ್ ತಂಡ 1957ರ ಆಟ ಮುಗಿಸಿ ಊರು ಬಿಟ್ಟಿತು. 1960ರಲ್ಲಿ ಅದರ ಎಬೆಟ್ಸ್ ಫೀಲ್ಡ್ ಮೈದಾನವನ್ನೂ ಕೆಡವಿದರು. ಇಲ್ಲವಾದ ಮೈದಾನಕ್ಕೆ ಮರುಗುವ ಹಾಡೊಂದನ್ನು ಗಾಯಕ ಫ್ರಾಂಕ್ ಸಿನಾತ್ರ 1973ರಲ್ಲಿ ಹಾಡಿದರು. ನಮ್ಮಲ್ಲಿ ಕಂಪನಿಗಳಿಗಾಗಿ ಬೇರೆ ಹಾಡು ಬೇಕಾಗಲಿಲ್ಲ. ಅವು ಹಾಡಿಸಿದ ರಂಗಗೀತೆಗಳೇ ಅವುಗಳ ನೆನಪಾಗಿ ಉಳಿದವು.

ಆ ರಂಗಗೀತೆಗಳ ಗತ್ತೇ ಬೇರೆ. ಪೇಟಿ ಮಾಸ್ತರು ಕಾಲಲ್ಲಿ ತಿದಿ ಒತ್ತುತ್ತಾ ಸ್ವರ ಹಿಡಿದರೆ ನಟ ಆಲಾಪಕ್ಕೆ ಇಳಿಯುತ್ತಿದ್ದ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ, ಮತ್ತೆ ಸಾಯಬೇಕು! ಹಾಡಿನ ಪುಸ್ತಕ ಥಿಯೇಟರಿನಲ್ಲೇ ಮಾರಾಟಕ್ಕಿರುತ್ತಿತ್ತು. ಹಾಡಿನ ನೆತ್ತಿಯ ಮೇಲೆ ಅದರ ಮಟ್ಟು. ಎಷ್ಟೋ ಮಟ್ಟುಗಳು ಮರಾಠಿ ರಂಗಭೂಮಿಯಿಂದ ಬಂದವು. ಪುಸ್ತಕ ಕೊಂಡವರು ಹೊಲದಲ್ಲಿ, ಕಣದಲ್ಲಿ ಅದನ್ನೇ ಗುನುಗಿದರು.

ಸಿನಿಮಾ ಬಂತು, ಟಿವಿ ಬಂತು, ಕ್ಯಾಂಪಿನ ಖರ್ಚು ಏರಿತು. ಒಂದೊಂದೇ ಕಂಪನಿ ಪರದೆ ಮಡಚಿತು. ಹಾಡು ಮಾತ್ರ ಹಳ್ಳಿಯ ಹುಡುಗರ ತಾಲೀಮಿಗೆ ಇಳಿಯಿತು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಆಡದ ಊರು ಈ ಕಡೆ ಅಪರೂಪ. ಗಂಡು ಪಾತ್ರಕ್ಕೆ ಊರಿನವರು, ದ್ರೌಪದಿಗೆ ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಬಂದ ವೃತ್ತಿ ಕಲಾವಿದೆ. ಮರೆತುಹೋದ ಎಷ್ಟೋ ಕಂಪನಿಗಳ ಹಾಡಿಕೆ ಇಂದಿಗೂ ಬದುಕಿರುವುದು ಈ ಹೆಣ್ಣುಮಕ್ಕಳ ಕಂಠದಲ್ಲಿ ಎಂದೇ ನನ್ನ ನಂಬಿಕೆ.

ಬಳ್ಳಾರಿಯ ರಂಗಕಲಾವಿದೆ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಂಡರು. ಹೂವಿನಹಡಗಲಿಯಲ್ಲಿ ರಂಗಭೂಮಿಯನ್ನು ಪೋಷಿಸಿದ ಎಂ.ಪಿ. ಪ್ರಕಾಶ್ 2011ರಲ್ಲೇ ಹೋದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮನೆಗಳಲ್ಲಿ ಹಳೇ ಹಾಡಿನ ಪುಸ್ತಕ ಗೆದ್ದಲಿಗೆ ಸಿಗುವ ಮುನ್ನ ಹುಡುಕಬೇಕು. ಅದನ್ನು ಹಿಡಿದು ಪೇಟಿ ಮಾಸ್ತರುಗಳ, ಕಲಾವಿದೆಯರ ಮುಂದೆ ಕೂತು, ಮಟ್ಟಿನ ಸಮೇತ ಹಾಡಿಸಿ ಧ್ವನಿ ಮುದ್ರಿಸಿಕೊಳ್ಳಬೇಕು. ಯಾವ ಕಂಪನಿ, ಯಾವ ಊರಿನ ಕ್ಯಾಂಪು, ಯಾರ ಪಾತ್ರ ಎಂಬುದನ್ನು ಅವರ ಬಾಯಲ್ಲೇ ಕೇಳಿ ಬರೆದಿಡಬೇಕು. ಮುಂದಿನ ಜಾತ್ರೆಯವರೆಗೆ ಕಾಯುವ ಕೆಲಸವಲ್ಲ ಇದು.