ಬಂಡೆ ಹತ್ತುವ ಕಾರಿಗೆ ಹಲ್ಲುಗಳ ಲೆಕ್ಕ

ಬೆಂಗಳೂರಿನ ತಿಲಕ್ ನಗರದ ಓಣಿಗಳಲ್ಲಿ ಎಲ್ಲಾದರೊಂದು ಕಡೆ ಮನೆ ಕಟ್ಟುವ ಕೆಲಸ ನಡೆಯುತ್ತಲೇ ಇರುತ್ತದೆ. ಅಲ್ಲಿ ರಸ್ತೆ ಬದಿಗೆ ಸುರಿದ ಸೈಜುಗಲ್ಲಿನ ರಾಶಿ ದಾರಿಹೋಕರಿಗೆ ಅಡ್ಡಿ. ರಾಕ್ ಕ್ರಾಲರ್ ಹುಚ್ಚಿನವರಿಗೆ ಅದೇ ಬೆಟ್ಟ. ರಾಕ್ ಕ್ರಾಲರ್ ಎಂದರೆ ಬಂಡೆ ಹತ್ತಲೆಂದೇ ಮಾಡಿದ ರಿಮೋಟ್ ಕಾರು. ಬಹಳಷ್ಟು ಮಾದರಿಗಳು ನಿಜವಾದ ಜೀಪಿನ ಹತ್ತನೇ ಒಂದರಷ್ಟು ಅಳತೆಯವು. ರೇಸ್ ಕಾರಿನಂತೆ ಇದು ಹಾರಿ ಹೋಗುವುದಿಲ್ಲ, ಕಲ್ಲಿಂದ ಕಲ್ಲಿಗೆ ತೆವಳುತ್ತದೆ. ಆ ನಿಧಾನವನ್ನು ಪಡೆಯುವುದೇ ಇಲ್ಲಿ ನಿಜವಾದ ಎಂಜಿನಿಯರಿಂಗ್.

ನಿಧಾನ ಯಾಕೆ ಬೇಕು? ಉರುಳುವ ಟಯರ್ ಕಲ್ಲನ್ನು ಮುಟ್ಟುವ ಜಾಗದಲ್ಲಿ ಆ ಕ್ಷಣಕ್ಕೆ ಜಾರದೆ ಕಚ್ಚಿಕೊಂಡಿರುತ್ತದೆ. ಚಕ್ರ ಸುಮ್ಮನೆ ಗಿರ್ರೆಂದು ತಿರುಗಿದ ಕೂಡಲೇ ರಬ್ಬರ್ ಜಾರತೊಡಗುತ್ತದೆ, ಹಿಡಿತ ಕುಸಿಯುತ್ತದೆ. ಬೆಂಗಳೂರಿನ ಕಲ್ಲು ಈ ಆಟಕ್ಕೆ ಹೇಳಿಮಾಡಿಸಿದಂತಿದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್. ನಗರದ ಸುತ್ತಲಿನ ಕಲ್ಲು ಬಹುಪಾಲು ಅದೇ ಬಳಗದ್ದು. ಒಡೆದ ಮುಖದಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಹರಳುಗಳು ಎದ್ದು ನಿಂತು ತರಿತರಿಯಾಗಿರುತ್ತವೆ, ಮೆತ್ತನೆಯ ಟಯರ್ ಅವುಗಳ ಸಂದಿಗೆ ಇಳಿದು ಕೂರುತ್ತದೆ.

ಆದರೆ ಮೋಟರಿಗೆ ನಿಧಾನ ಒಗ್ಗುವುದಿಲ್ಲ. ಓಡುತ್ತಿರುವ ಡಿಸಿ ಮೋಟರ್ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿ, ಬ್ಯಾಟರಿಯಿಂದ ಬರುವ ಕರೆಂಟಿಗೆ ತಡೆಯೊಡ್ಡುತ್ತದೆ. ವೇಗ ಇಳಿದಂತೆ ಆ ತಡೆಯೂ ಇಳಿಯುತ್ತದೆ. ಆಗ ಕರೆಂಟ್ ನುಗ್ಗಿ ಮೋಟರ್ ಕಾಯುತ್ತದೆ. ಹಾಗಾಗಿ ಮೋಟರ್ ಜೋರಾಗಿ, ಚಕ್ರ ಮೆಲ್ಲಗೆ ತಿರುಗಬೇಕು. ಈ ರಾಜಿ ಮಾಡಿಸುವುದು ಗೇರುಗಳು.

ಒಂದು ಉದಾಹರಣೆ ನೋಡಿ. ಮೋಟರಿನ ಮೂತಿಗೆ ಸಿಕ್ಕಿಸುವ ಪಿನಿಯನ್‌ಗೆ 14 ಹಲ್ಲು, ಅದು ತಿರುಗಿಸುವ ಸ್ಪರ್ ಗೇರಿಗೆ 56: ಅನುಪಾತ 4. ಒಳಗಿನ ಗೇರ್‌ಬಾಕ್ಸ್‌ನದು 2.6, ಆ್ಯಕ್ಸಲ್‌ನದು 3 ಎಂದಿಟ್ಟುಕೊಂಡು ಗುಣಿಸಿದರೆ 31.2. ಮೋಟರ್ ನಿಮಿಷಕ್ಕೆ 3,120 ಸುತ್ತು ತಿರುಗಿದರೆ ಚಕ್ರ 100 ಸುತ್ತು. ಚಕ್ರದ ವ್ಯಾಸ 11 ಸೆಂ.ಮೀ. ಇದ್ದರೆ ವೇಗ ಗಂಟೆಗೆ ಸುಮಾರು 2 ಕಿ.ಮೀ. ತಿಕ್ಕಾಟದಲ್ಲಿ ಸೋರಿದ್ದನ್ನು ಬಿಟ್ಟರೆ ಚಕ್ರಕ್ಕೆ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ, ಮೋಟರಿನದರ 31 ಪಟ್ಟು. ಪಿನಿಯನ್ ಬದಲಿಸಿ 11 ಹಲ್ಲಿನದು ಹಾಕಿದರೆ ಒಟ್ಟು ಅನುಪಾತ 40ರ ಹತ್ತಿರ ಹೋಗುತ್ತದೆ. ಕೊಡಗಿನ ಮಂಡಲಪಟ್ಟಿ ಏರುವ ಜೀಪುಗಳ ಚಾಲಕರು ‘ಫೋರ್ ಲೋ’ ಎಂಬ ನಿಧಾನದ ಗೇರ್ ಹಾಕಿದಾಗ ಆಗುವುದೂ ಇದೇ ಗುಣಾಕಾರ. ಅಮೆರಿಕದ ಜೀಪ್ ಕಂಪನಿ 2003ರ ಮಾದರಿಯಾಗಿ ತಂದ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಒಂದೇ 4 ಪಟ್ಟು ವೇಗ ಇಳಿಸುತ್ತಿತ್ತು.

ಲೆಕ್ಕ ಸರಿಯಿದ್ದರೆ ಸಾಲದು, ಹಲ್ಲಿಗೆ ಹಲ್ಲು ಸರಿಯಾಗಿ ಕೂರಬೇಕು. ಪಿನಿಯನ್ ಮತ್ತು ಸ್ಪರ್ ಗೇರಿನ ಹಲ್ಲುಗಳ ಅಳತೆ ಒಂದೇ ಆಗಿರಲಿ. ಮೋಟರಿನ ಸ್ಕ್ರೂ ಸಡಿಲಿಸಿ, ಎರಡು ಗೇರುಗಳ ನಡುವೆ ತೆಳು ಕಾಗದದ ಪಟ್ಟಿ ತೂರಿಸಿ, ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಆಮೇಲೆ ಗೇರ್ ತಿರುಗಿಸಿ ಕಾಗದವನ್ನು ಹೊರತೆಗೆಯಿರಿ. ಅದು ಬಿಟ್ಟುಹೋದ ಕೂದಲೆಳೆಯ ಜಾಗವೇ ಗ್ಯಾರೇಜಿನವರು ಹೇಳುವ ‘ಪ್ಲೇ’. ಅದಿಲ್ಲದಿದ್ದರೆ ಗೇರ್ ಕೊಂಯ್ಗುಟ್ಟಿ ಬಿಸಿಯಾಗುತ್ತದೆ; ಹೆಚ್ಚಾದರೆ ಪ್ಲಾಸ್ಟಿಕ್ ಹಲ್ಲು ಸವೆದು ಉದುರುತ್ತದೆ. ಸ್ಪರ್ ಗೇರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಲೇಬೇಕು, ಕೆಲವು ಗೇರುಗಳ ದುಂಡು ಅಷ್ಟು ಕರಾರುವಾಕ್ಕಾಗಿರುವುದಿಲ್ಲ. ಸ್ಲಿಪ್ಪರ್ ಕ್ಲಚ್ ಇದ್ದರೆ ಅದರ ನಟ್ಟನ್ನು ಪೂರ್ತಿ ಬಿಗಿದು ಸ್ವಲ್ಪ ಸಡಿಲಿಸಿ. ಚಕ್ರ ಕಲ್ಲುಗಳ ನಡುವೆ ಸಿಕ್ಕಿಬಿದ್ದಾಗ ಕ್ಲಚ್ ಜಾರಿ ಹಲ್ಲುಗಳನ್ನು ಉಳಿಸುತ್ತದೆ.

ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಮಾಮೂಲಿ ಕಾರಿನ ಡಿಫರೆನ್ಷಿಯಲ್ ಇಲ್ಲಿ ಕೈಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಸಾಕು, ಅದೊಂದೇ ತಿರುಗುತ್ತದೆ, ಕಲ್ಲಿನ ಮೇಲಿರುವುದು ಸುಮ್ಮನಿರುತ್ತದೆ. ಅದಕ್ಕೇ ಕ್ರಾಲರ್‌ಗಳಲ್ಲಿ ಎಡಬಲದ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಲಾಕ್ ಮಾಡುತ್ತಾರೆ. ತಿರುವಿನಲ್ಲಿ ಟಯರ್ ಉಜ್ಜುವುದು ಅದಕ್ಕೆ ತೆರುವ ಬೆಲೆ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ವೇಗವಾಗಿ ತಿರುಗುವಂತೆ ಆ್ಯಕ್ಸಲ್ ಗೇರುಗಳನ್ನು ಆರಿಸುವುದೂ ಉಂಟು. ಕಡಿದಾದ ಏರಿನಲ್ಲಿ ಮೂತಿ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ.

ಟಾರ್ಕ್ ಹೆಚ್ಚಿದಾಗ ಇನ್ನೊಂದು ಪೀಡೆ ತಲೆಯೆತ್ತುತ್ತದೆ. ಉದ್ದಕ್ಕೆ ಹಾಯುವ ಡ್ರೈವ್ ಶಾಫ್ಟ್ ತಿರುಗುವ ಬಲಕ್ಕೆ ಪ್ರತಿಯಾಗಿ ಚಾಸಿ ಒಂದು ಪಕ್ಕಕ್ಕೆ ವಾಲಿ, ಮುಂದಿನ ಒಂದು ಚಕ್ರ ಹಗುರಾಗುತ್ತದೆ. 2017ರಲ್ಲಿ ಬಂದ ಟ್ರಾಕ್ಸಾಸ್ ಟಿಆರ್‌ಎಕ್ಸ್-4ನಂಥ ಗಾಡಿಗಳ ಪೋರ್ಟಲ್ ಆ್ಯಕ್ಸಲ್ ಇದಕ್ಕೊಂದು ಉತ್ತರ. ಕೊನೆಯ ಗೇರ್ ಜೋಡಿ ಚಕ್ರದ ಪಕ್ಕದಲ್ಲೇ ಇರುವುದರಿಂದ ಶಾಫ್ಟ್ ಹೊರಬೇಕಾದ ಟಾರ್ಕ್ ಕಡಿಮೆ, ವಾಲುವುದೂ ಕಡಿಮೆ. ಜೊತೆಗೆ ಆ್ಯಕ್ಸಲ್ ನೆಲದಿಂದ ಮೇಲೇರುತ್ತದೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ಬೆರಳೇ ಸಾಕು. ಹತ್ತು ನಿಮಿಷ ಕಲ್ಲು ಹತ್ತಿಸಿ ಮೋಟರನ್ನು ಮೆಲ್ಲಗೆ ಮುಟ್ಟಿ. ಬೆರಳು ಕೆಲವು ಸೆಕೆಂಡು ತಡೆದುಕೊಂಡರೆ ಗೇರಿಂಗ್ ಸರಿಯಿದೆ. ಚುರ್ರೆಂದರೆ ಪಿನಿಯನ್‌ನಲ್ಲಿ ಒಂದೆರಡು ಹಲ್ಲು ಇಳಿಸಿ, ಕಾಗದದ ಪಟ್ಟಿ ಹಿಡಿದು ‘ಪ್ಲೇ’ ಮತ್ತೆ ಹೊಂದಿಸಿ. ದೊಡ್ಡ ಮೋಟರಿಗೆ ದುಡ್ಡು ಸುರಿಯುವ ಮುಂಚೆ ಸಣ್ಣ ಪಿನಿಯನ್ ಹಾಕಿ ನೋಡುವುದು ಜಾಣತನ.