ಅಂಕಿ-ಅಂಶಗಳ ಪುಟದಲ್ಲಿ ನಮ್ಮ ಹೊಲ ಎಲ್ಲಿದೆ?

ಮಳೆ ಎಷ್ಟು ಬಿತ್ತು, ಯಾವ ಬೆಳೆ ಎಷ್ಟು ಎಕರೆಯಲ್ಲಿದೆ, ಇಳುವರಿ ಎಷ್ಟು ಬಂತು, ಪೇಟೆಯಲ್ಲಿ ಧಾರಣೆ ಏನಿದೆ ಎಂಬ ಲೆಕ್ಕಗಳೆಲ್ಲ ಹಿಂದೆ ಕಚೇರಿಗಳ ದಫ್ತರಗಳಲ್ಲಿ ಇರುತ್ತಿದ್ದವು. ರೈತನ ಕಣ್ಣಿಗೆ ಅವು ಬೀಳುತ್ತಿದ್ದುದು ಅಪರೂಪ. ಈಗ ಇವುಗಳಲ್ಲಿ ಬಹಳಷ್ಟು ಅಂತರ್ಜಾಲದಲ್ಲಿ ದೊರೆಯುತ್ತವೆ. ಕೈಯಲ್ಲಿ ಮೊಬೈಲ್ ಇದ್ದರೆ ಹೊಲದ ಬದುವಿನ ಮೇಲೆ ಕುಳಿತೇ ನೋಡಬಹುದು. ಆದರೆ ನೋಡಲು ಸಿಗುವುದು ಬೇರೆ, ನೋಡಿ ತಿಳಿಯುವುದು ಬೇರೆ.

ಕೆಲವು ವರ್ಷಗಳ ಹಿಂದೆ ನಾನು ಮತ್ತು ನನ್ನ ಸಹೋದ್ಯೋಗಿಗಳು ಮಳೆ ಮತ್ತು ಇಳುವರಿಯ ಅಂಕಿಗಳನ್ನು ಒಟ್ಟುಗೂಡಿಸಿ ಒಂದು ಅಂತರ್ಜಾಲ ಪುಟವನ್ನು ತಯಾರಿಸಿದೆವು. ಕೋಷ್ಟಕ, ರೇಖಾಚಿತ್ರ, ಬಣ್ಣ ಬಣ್ಣದ ನಕ್ಷೆ ಎಲ್ಲವೂ ಅದರಲ್ಲಿದ್ದವು. ಹಳ್ಳಿಯೊಂದರ ಗುಡಿಯ ಕಟ್ಟೆಯ ಮೇಲೆ ರೈತರಿಗೆ ಅದನ್ನು ತೋರಿಸಿದೆವು. ಹಿರಿಯ ರೈತರೊಬ್ಬರು ನಕ್ಷೆಯನ್ನು ಬಹಳ ಹೊತ್ತು ನೋಡಿ, “ಇದ್ರಾಗ ನಮ್ಮ ಹೊಲ ಎಲ್ಲೈತ್ರಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಜಿಲ್ಲೆ ಇತ್ತು, ತಾಲ್ಲೂಕು ಇತ್ತು, ಅವರ ಊರಿನ ಹೆಸರೇ ಇರಲಿಲ್ಲ. ಆ ಪುಟವನ್ನು ನಾವು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅಂತಹ ಪುಟ ಹೇಗಿರಬೇಕು, ಅದನ್ನು ರೈತರು ಹೇಗೆ ಓದಬೇಕು ಎಂಬ ಬಗ್ಗೆ ಅಂದಿನಿಂದ ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಜಿಲ್ಲೆಯ ಸರಾಸರಿ ಯಾರ ಹೊಲದ್ದೂ ಅಲ್ಲ

ನಮ್ಮ ರಾಜ್ಯವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಧಾರವಾಡ ಜಿಲ್ಲೆಯೊಂದರಲ್ಲಿಯೇ ಇವುಗಳ ಪೈಕಿ 3 ವಲಯಗಳು ಬರುತ್ತವೆ. ಕಲಘಟಗಿ ಗುಡ್ಡಗಾಡು ವಲಯದಲ್ಲಿದೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳ ಉತ್ತರದ ಪರಿವರ್ತನಾ ವಲಯದಲ್ಲಿವೆ. ನವಲಗುಂದ ಉತ್ತರದ ಒಣ ವಲಯಕ್ಕೆ ಸೇರಿದೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಎರೆಹೊಲದ ಹೆಸರು, ಹತ್ತಿ, ಕಡಲೆ. ಇವೆರಡನ್ನೂ ಕೂಡಿಸಿ ಭಾಗಿಸಿ ‘ಜಿಲ್ಲೆಯಲ್ಲಿ ವಾಡಿಕೆಯ ಮಳೆಯಾಗಿದೆ’ ಎಂದು ಬರೆದರೆ ಲೆಕ್ಕ ತಪ್ಪಲ್ಲ, ಆದರೆ ಅದು ಯಾರ ಉಪಯೋಗಕ್ಕೂ ಬಾರದು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಐದು ಊರುಗಳಲ್ಲಿ ಒಂದೇ ದಿನ 60, 25, 10, 5 ಮತ್ತು 0 ಮಿ.ಮೀ. ಮಳೆಯಾಯಿತು ಎಂದಿಟ್ಟುಕೊಳ್ಳಿ. ಸರಾಸರಿ 20 ಮಿ.ಮೀ. ಆಗುತ್ತದೆ. ಆದರೆ ಐದರಲ್ಲಿ ಒಂದು ಊರಿಗೂ 20 ಮಿ.ಮೀ. ಮಳೆ ಬಿದ್ದಿಲ್ಲ.

‘ನಮ್ಮ ಹೊಲದ ಮಳೆ ನಮಗೆ ಗೊತ್ತಿಲ್ಲವೇ? ಅದಕ್ಕೆ ಪುಟ ಏಕೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಬರ ಘೋಷಣೆಗೆ ತಾಲ್ಲೂಕು ಘಟಕ. ಬೆಳೆ ವಿಮೆಯಲ್ಲಿ ಪ್ರಮುಖ ಬೆಳೆಗೆ ಗ್ರಾಮ ಪಂಚಾಯಿತಿ ಘಟಕ. ಅಲ್ಲಿ ಲೆಕ್ಕಕ್ಕೆ ಬರುವುದು ಹೊಲದಲ್ಲಿ ಬಿದ್ದ ಮಳೆಯಲ್ಲ, ಕಾಗದದಲ್ಲಿ ದಾಖಲಾದ ಮಳೆ. ಕಣದಲ್ಲಿ ರಾಶಿಯಾದ ಕಾಳಲ್ಲ, ಪ್ರಯೋಗದಲ್ಲಿ ತೂಗಿದ ಕಾಳು. ಇವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ರೈತ ತಾನೇ ನೋಡಲು ಸಾಧ್ಯವಾಗಬೇಕು. ಆದ್ದರಿಂದ ಪುಟ ತೆರೆದೊಡನೆ ಮೊದಲು ಕಾಣಬೇಕಾದುದು ರೈತನ ಊರು, ಪಂಚಾಯಿತಿ, ಹೋಬಳಿ. ತಾಲ್ಲೂಕು ಮತ್ತು ಜಿಲ್ಲೆ ಅವುಗಳ ನಂತರ, ಹೋಲಿಕೆಗಾಗಿ ಬರಬೇಕು.

ಇದಕ್ಕೆ ಬೇಕಾದ ಅಂಕಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1988ರಲ್ಲಿ ಬರ ನಿರ್ವಹಣೆಗೆಂದು ಆರಂಭವಾದ ಘಟಕವೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಈ ಕೇಂದ್ರವು ರಾಜ್ಯದ ಆರು ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿತು. 15 ನಿಮಿಷಕ್ಕೊಮ್ಮೆ ಮಳೆಯ ಅಳತೆಯನ್ನು ಕಳುಹಿಸುವಂತೆ ಅವುಗಳನ್ನು ರೂಪಿಸಲಾಗಿದೆ. ಇನ್ನು ‘ದಿಶಾಂಕ್’ ಎಂಬ ಮೊಬೈಲ್ ತಂತ್ರಾಂಶದಲ್ಲಿ ನಾವು ನಿಂತ ನೆಲದ ಸರ್ವೆ ನಂಬರ್ ನಕ್ಷೆಯ ಮೇಲೆಯೇ ಕಾಣುತ್ತದೆ. ಗುಡಿಯ ಕಟ್ಟೆಯ ಮೇಲೆ ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ.

ಯಾವುದಕ್ಕೆ ಯಾವುದು?

ಕೋಷ್ಟಕ, ರೇಖಾಚಿತ್ರ ಮತ್ತು ನಕ್ಷೆ ಈ ಮೂರೂ ಕೂರಿಗೆ, ಕುಂಟೆ, ನೇಗಿಲುಗಳಿದ್ದಂತೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಲಾಗದು.

ಖಚಿತವಾದ ಅಂಕಿ ಬೇಕಾದಾಗ ಕೋಷ್ಟಕ ನೋಡಬೇಕು. ಅರ್ಜಿಯಲ್ಲಿ ಬರೆಯಲು, ಲೆಕ್ಕ ಹಾಕಲು ಅದೇ ಸರಿ. ಕಾಲ ಸರಿದಂತೆ ಏನು ಏರಿತು, ಏನು ಇಳಿಯಿತು ಎಂದು ತಿಳಿಯಲು ರೇಖಾಚಿತ್ರ ಬೇಕು. ಈ ಪದ್ಧತಿ ಬಹಳ ಹಳೆಯದೇನಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ದೇಶಗಳ ಆಮದು-ರಫ್ತಿನ ಲೆಕ್ಕವನ್ನು ಗೆರೆ ಎಳೆದು, ಕಂಬ ನಿಲ್ಲಿಸಿ ಪುಸ್ತಕವೊಂದರಲ್ಲಿ ತೋರಿಸಿದ. ಅದಕ್ಕೂ ಮೊದಲು ಇಂತಹ ಲೆಕ್ಕಗಳೆಲ್ಲ ಕೋಷ್ಟಕಗಳಲ್ಲಿಯೇ ಇರುತ್ತಿದ್ದವು. ‘ಎಲ್ಲಿ’ ಎಂಬ ಪ್ರಶ್ನೆಗೆ ನಕ್ಷೆ ಉತ್ತರ ಕೊಡುತ್ತದೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯ ಸಾವುಗಳನ್ನು ಬೀದಿಯ ನಕ್ಷೆಯ ಮೇಲೆ ಗುರುತಿಸಿದ. ಸಾವುಗಳು ಒಂದು ನೀರಿನ ಪಂಪಿನ ಸುತ್ತಲೇ ಹೆಚ್ಚಾಗಿರುವುದು ಎದ್ದು ಕಂಡಿತು. ಬರಿಯ ಪಟ್ಟಿಯಲ್ಲಿ ಅದು ಕಾಣುತ್ತಿರಲಿಲ್ಲ.

ಒಳ್ಳೆಯ ಪುಟದಲ್ಲಿ ಒಂದೇ ಅಂಕಿಯನ್ನು ಈ ಮೂರೂ ರೀತಿಯಲ್ಲಿ ನೋಡಲು ಅವಕಾಶವಿರಬೇಕು. ನಕ್ಷೆಯಲ್ಲಿ ಊರನ್ನು ಮುಟ್ಟಿದರೆ ಅದರ ರೇಖಾಚಿತ್ರ ತೆರೆಯಬೇಕು. ರೇಖಾಚಿತ್ರದ ಕಂಬವನ್ನು ಮುಟ್ಟಿದರೆ ಅದರ ಅಂಕಿ ಕಾಣಬೇಕು.

ವಿಮೆಯ ಲೆಕ್ಕ: ಒಂದು ಉದಾಹರಣೆ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಗೆ ಬಂದಿತು. ಅದರ ಮಾರ್ಗಸೂಚಿಯಂತೆ, ಹಿಂದಿನ 7 ವರ್ಷಗಳ ಪೈಕಿ ಹೆಚ್ಚು ಇಳುವರಿ ಬಂದ 5 ವರ್ಷಗಳ ಸರಾಸರಿಯನ್ನು ತೆಗೆದು, ಅದನ್ನು ನಿಗದಿಪಡಿಸಿದ ನಷ್ಟಭರ್ತಿ ಮಟ್ಟದಿಂದ ಗುಣಿಸಿ ‘ಪ್ರಾರಂಭಿಕ ಇಳುವರಿ’ಯನ್ನು ಗೊತ್ತುಪಡಿಸಲಾಗುತ್ತದೆ. ಈ ವರ್ಷದ ಇಳುವರಿ ಅದಕ್ಕಿಂತ ಕಡಿಮೆಯಾದರೆ, ಕೊರತೆಯ ಪ್ರಮಾಣದಷ್ಟು ಪರಿಹಾರ.

ಒಂದು ಪಂಚಾಯಿತಿಯಲ್ಲಿ ಹಿಂದಿನ 7 ವರ್ಷಗಳ ಇಳುವರಿ ಎಕರೆಗೆ 4, 6, 5, 2, 6, 3, 4 ಕ್ವಿಂಟಲ್ ಎಂದು ಉದಾಹರಣೆಗಾಗಿ ಭಾವಿಸೋಣ. ಇವುಗಳಲ್ಲಿ ಹೆಚ್ಚಿನ ಐದು: 6, 6, 5, 4, 4. ಸರಾಸರಿ 5 ಕ್ವಿಂಟಲ್. ನಷ್ಟಭರ್ತಿ ಮಟ್ಟ ಶೇ. 80 ಇದ್ದರೆ ಪ್ರಾರಂಭಿಕ ಇಳುವರಿ 4 ಕ್ವಿಂಟಲ್. ಈ ವರ್ಷ 3 ಕ್ವಿಂಟಲ್ ಬಂದರೆ ಕೊರತೆ 4ಕ್ಕೆ 1, ಅಂದರೆ ಶೇ. 25. ವಿಮಾ ಮೊತ್ತ 20,000 ರೂ. ಇದ್ದಲ್ಲಿ ಪರಿಹಾರ 5,000 ರೂ.

ಇದನ್ನು ಕೋಷ್ಟಕದಲ್ಲಿ ಕೊಟ್ಟರೆ ಲೆಕ್ಕ ಬಲ್ಲವರಿಗೆ ಮಾತ್ರ ಅರ್ಥವಾಗುತ್ತದೆ. ವರ್ಷಕ್ಕೊಂದರಂತೆ ಕಂಬಗಳನ್ನು ನಿಲ್ಲಿಸಿ, 4 ಕ್ವಿಂಟಲ್ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆದರೆ, ಈ ವರ್ಷದ ಕಂಬ ಗೆರೆ ಮುಟ್ಟಿದೆಯೋ ಇಲ್ಲವೋ ಎಂಬುದು ಮಕ್ಕಳಿಗೂ ಕಾಣುತ್ತದೆ. ರೈತ ಕೇಳುವ ಪ್ರಶ್ನೆಗೆ ಒಂದೇ ನೋಟದಲ್ಲಿ ಉತ್ತರ ಸಿಗುತ್ತದೆ.

ಈ ಕಂಬಗಳ ಬುಡದಲ್ಲಿ ಏನಿದೆ ಎಂಬುದನ್ನೂ ಪುಟ ತಿಳಿಸಬೇಕು. ಪಂಚಾಯಿತಿಯೊಂದರಲ್ಲಿ ಪ್ರಮುಖ ಬೆಳೆಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗಗಳನ್ನು ಮಾಡಬೇಕೆಂದು ನಿಯಮವಿದೆ. ಅನೇಕ ಬೆಳೆಗಳಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಕೊಯ್ದು ತೂಗಲಾಗುತ್ತದೆ. ಇಂತಹ 400 ತಾಕುಗಳು ಸೇರಿದರೆ ಒಂದು ಹೆಕ್ಟೇರ್. ಆದ್ದರಿಂದ ಒಂದು ತಾಕಿನ ತೂಕದಲ್ಲಿ 1 ಕಿ.ಗ್ರಾಂ. ವ್ಯತ್ಯಾಸವಾದರೆ ಆ ಪ್ರಯೋಗದ ಲೆಕ್ಕದಲ್ಲಿ ಹೆಕ್ಟೇರಿಗೆ 4 ಕ್ವಿಂಟಲ್, ಎಕರೆಗೆ ಸುಮಾರು 1.6 ಕ್ವಿಂಟಲ್ ವ್ಯತ್ಯಾಸವಾಗುತ್ತದೆ. ಎಷ್ಟು ಪ್ರಯೋಗ ನಡೆದವು, ಯಾವ ದಿನ ನಡೆದವು, ಪ್ರತಿಯೊಂದರ ತೂಕ ಎಷ್ಟು ಎಂಬುದು ಸರಾಸರಿಯ ಜೊತೆಗೇ ಕಾಣುವಂತಿದ್ದರೆ ಅನುಮಾನಗಳು ಎಷ್ಟೋ ಕಡಿಮೆಯಾಗುತ್ತವೆ.

ಕಣ್ಣನ್ನು ತಪ್ಪುದಾರಿಗೆ ಎಳೆಯುವ ಚಿತ್ರಗಳು

ಅಂಕಿ ಸರಿ ಇದ್ದರೂ ಚಿತ್ರ ತಪ್ಪು ಅಭಿಪ್ರಾಯ ಕೊಡಬಹುದು. ಧಾರಣೆ 5,000 ರೂ.ಗಳಿಂದ 5,200ಕ್ಕೆ ಏರಿದೆ ಎನ್ನಿ. ಏರಿಕೆ ಶೇ. 4 ಮಾತ್ರ. ಆದರೆ ಕಂಬಗಳನ್ನು ಸೊನ್ನೆಯಿಂದ ಆರಂಭಿಸದೆ 4,900ರಿಂದ ಆರಂಭಿಸಿದರೆ ಎರಡನೆಯ ಕಂಬ ಮೊದಲನೆಯದರ ಮೂರು ಪಟ್ಟು ಎತ್ತರವಾಗಿ ಕಾಣುತ್ತದೆ. ಅದನ್ನು ನಂಬಿ ಮಾಲು ತಡೆಹಿಡಿದವರಿಗೆ ನಷ್ಟವಾದೀತು. ಕಂಬದ ಚಿತ್ರ ಯಾವಾಗಲೂ ಸೊನ್ನೆಯಿಂದಲೇ ಏಳಬೇಕು.

ನಕ್ಷೆಯಲ್ಲಿಯೂ ಇಂತಹ ತೊಡಕುಗಳಿವೆ. ಒಟ್ಟು ಉತ್ಪಾದನೆಯನ್ನು ಬಣ್ಣದಲ್ಲಿ ತೋರಿಸಿದರೆ ದೊಡ್ಡ ತಾಲ್ಲೂಕು ಯಾವಾಗಲೂ ಮುಂದೆ ಕಾಣುತ್ತದೆ. ಎಕರೆವಾರು ಇಳುವರಿ ತೋರಿಸಿದರೆ ಮಾತ್ರ ಹೋಲಿಕೆ ನ್ಯಾಯವಾದೀತು. 50 ಮಿ.ಮೀ.ಗೆ ಗಡಿ ಹಾಕಿ ಬಣ್ಣ ಬದಲಿಸಿದರೆ 49 ಮತ್ತು 51 ಮಿ.ಮೀ. ಮಳೆಯಾದ ಅಕ್ಕಪಕ್ಕದ ಊರುಗಳು ಬೇರೆ ಲೋಕದವುಗಳಂತೆ ಕಾಣುತ್ತವೆ. ಕೆಂಪು-ಹಸಿರುಗಳ ಭೇದ ತಿಳಿಯದ ಕಣ್ಣುಗಳು ಕೆಲವರಿಗೆ, ಅದರಲ್ಲೂ ಗಂಡಸರಿಗೆ, ಹುಟ್ಟಿನಿಂದಲೇ ಇರುತ್ತವೆ. ಅಂಥವರಿಗೂ ತಿಳಿಯುವಂತೆ ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಹಂತ ಹಂತವಾಗಿ ಬಳಸುವುದು ಉತ್ತಮ.

ಸೊನ್ನೆ ಬೇರೆ, ಖಾಲಿ ಬೇರೆ

ಮಳೆಮಾಪಕ ಕೆಟ್ಟರೆ, ಜೇಡ ಬಲೆ ಕಟ್ಟಿದರೆ, ಸಂಪರ್ಕ ಕಡಿದರೆ ಆ ದಿನದ ದಾಖಲೆ ಬರುವುದಿಲ್ಲ. ಮಳೆ ಬಂದಿಲ್ಲ ಎಂಬುದು ಒಂದು ಸಂಗತಿ, ಮಳೆ ಅಳೆದಿಲ್ಲ ಎಂಬುದು ಬೇರೊಂದು ಸಂಗತಿ. ಪುಟದಲ್ಲಿ ಎರಡಕ್ಕೂ ‘0’ ಎಂದು ಬರೆದರೆ ಅನಾಹುತವೇ ಸರಿ. ದಾಖಲೆ ಇಲ್ಲದ ಕಡೆ ‘ದಾಖಲೆ ಇಲ್ಲ’ ಎಂದೇ ಬರೆಯಬೇಕು. ನಕ್ಷೆಯಲ್ಲಿ ಅಂತಹ ಊರಿಗೆ ಬಣ್ಣ ತುಂಬದೆ ಓರೆಗೆರೆಗಳನ್ನು ಹಾಕಬೇಕು. ನಮ್ಮ ಮೊದಲ ಪುಟದಲ್ಲಿ ನಾವೇ ಮಾಡಿದ ತಪ್ಪುಗಳಲ್ಲಿ ಇದೂ ಒಂದು.

ರೈತನ ಅಳತೆ, ರೈತನ ಮಾತು

ಹವಾಮಾನ ಶಾಸ್ತ್ರಜ್ಞರು ವರ್ಷವನ್ನು 52 ವಾರಗಳಾಗಿ ಎಣಿಸುತ್ತಾರೆ. ‘23ನೇ ವಾರದ ಮಳೆ’ ಎಂದರೆ ರೈತನಿಗೆ ಏನೂ ತೋಚದು. ಆತ ಲೆಕ್ಕ ಹಾಕುವುದು ಮಳೆಯ ನಕ್ಷತ್ರದಿಂದ. ಮೇ ಕೊನೆಯ ವಾರ ಹೂಡುವ ರೋಹಿಣಿ, ಜೂನ್ ಮೊದಲ ವಾರದ ಕೊನೆಗೆ ಹೂಡುವ ಮಿರಗ, ಜೂನ್ ಮೂರನೆಯ ವಾರ ದಾಟಿದ ಮೇಲೆ ಆರಿದ್ರ. ಒಂದೊಂದೂ ಸುಮಾರು 13-14 ದಿನ. ವಾರದ ಪಕ್ಕದಲ್ಲಿಯೇ ನಕ್ಷತ್ರದ ಹೆಸರನ್ನೂ ಬರೆಯುವುದು ಗಣಕಯಂತ್ರಕ್ಕೆ ಕಷ್ಟದ ಕೆಲಸವಲ್ಲ.

ಹಾಗೆಯೇ ಹೆಕ್ಟೇರಿಗೆ ಕಿ.ಗ್ರಾಂ. ಬದಲು ಎಕರೆಗೆ ಕ್ವಿಂಟಲ್ ತೋರಿಸಬೇಕು. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್, ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು ಎಂದು ಅಡಿಯಲ್ಲಿ ಬರೆದರೆ ಕೃಷಿ ಹೊಂಡ ಇದ್ದವರಿಗೆ ಅನುಕೂಲ. ಹೆಸರುಗಳ ಬಗ್ಗೆಯೂ ಎಚ್ಚರ ಬೇಕು. 2014ರ ನವೆಂಬರ್ 1ರಿಂದ ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿಯಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಯಾವ ಹೆಸರು ಬರೆದು ಹುಡುಕಿದರೂ ಊರು ಸಿಗಬೇಕು.

ಕೊನೆಯದಾಗಿ, ಇದನ್ನೆಲ್ಲ ನೋಡುವುದು ಅಂಗೈಯಗಲದ ಪರದೆಯ ಮೇಲೆ, ಅದೂ ಬಿಸಿಲಿನಲ್ಲಿ, ಸಿಗ್ನಲ್ ಮಂದವಾಗಿರುವ ಕಡೆ. ಹದಿನೈದು ಕಲಮುಗಳ ಕೋಷ್ಟಕ ಅಲ್ಲಿ ಹಿಡಿಸದು. ಊರಿನ ಹೆಸರಿನ ಕಲಮು ಸರಿಯದೆ ನಿಲ್ಲಬೇಕು, ಅಕ್ಷರ ದಪ್ಪಗಿರಬೇಕು, ಅಂಕಿ ಮೊದಲು ಬಂದು ಚಿತ್ರ ಆಮೇಲೆ ತೆರೆಯಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ಅಂಕಿ ಯಾವ ಘಟಕದ್ದು ಎಂದು ಮೊದಲು ನೋಡಿರಿ: ಊರು, ಪಂಚಾಯಿತಿ, ಹೋಬಳಿ, ತಾಲ್ಲೂಕು ಅಥವಾ ಜಿಲ್ಲೆ.

2. ಯಾವ ದಿನಾಂಕದ ಅಂಕಿ ಎಂದು ನೋಡಿರಿ. ದಿನಾಂಕವಿಲ್ಲದ ಧಾರಣೆಯನ್ನು ನಂಬಿ ಮಾಲು ಸಾಗಿಸಬೇಡಿರಿ.

3. ಪೇಟೆಯ ಕನಿಷ್ಠ, ಗರಿಷ್ಠ ಧಾರಣೆಗಳ ಜೊತೆಗೆ, ಹೆಚ್ಚಿನ ಮಾಲು ಮಾರಾಟವಾದ ಮಾದರಿ ಧಾರಣೆಯನ್ನೂ ನೋಡಿರಿ. ಗರಿಷ್ಠ ಧಾರಣೆ ಒಂದೆರಡು ಚೀಲಗಳದ್ದಿರಬಹುದು.

4. ಕಂಬದ ಚಿತ್ರ ಸೊನ್ನೆಯಿಂದ ಆರಂಭವಾಗಿದೆಯೇ ಎಂದು ಪರೀಕ್ಷಿಸಿರಿ.

5. ನಿಮ್ಮ ಸರ್ವೆ ನಂಬರಿನಲ್ಲಿ ಯಾವ ಬೆಳೆ ದಾಖಲಾಗಿದೆ ಎಂಬುದನ್ನು ‘ಬೆಳೆ ದರ್ಶಕ’ ತಂತ್ರಾಂಶದಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿರಿ. ವಿಮೆ ಮಾಡಿಸಿದ ಬೆಳೆ ಮತ್ತು ದಾಖಲೆಯ ಬೆಳೆ ಬೇರೆಯಾದರೆ ಪರಿಹಾರಕ್ಕೆ ತೊಂದರೆಯಾಗುತ್ತದೆ.

6. ಮಳೆ, ಬಿತ್ತಿದ ದಿನ, ಬಂದ ಇಳುವರಿಯನ್ನು ಮನೆಯಲ್ಲಿ ಒಂದು ವಹಿಯಲ್ಲಿ ಬರೆದಿಡಿರಿ. ಪುಟದ ಅಂಕಿಯನ್ನು ಒರೆಗೆ ಹಚ್ಚಲು ಅದೇ ಸಾಧನ.

ಆಕ್ಷೇಪಣೆ ಹೇಳಲು ಜಾಗವಿಲ್ಲದ ಪುಟ ಎಷ್ಟೇ ಚೆಂದವಾಗಿದ್ದರೂ ಅರ್ಧ ಪುಟವೇ. ನಾವು ತಯಾರಿಸಿದ ಎರಡನೆಯ ಪುಟವನ್ನು ಅದೇ ಗುಡಿಯ ಕಟ್ಟೆಗೆ ಒಯ್ದಾಗ ಆ ಹಿರಿಯ ರೈತರು ತಮ್ಮ ಊರನ್ನು ಮುಟ್ಟಿ ನೋಡಿದರು. ಹಿಂದಿನ ಮಿರಗದ ಮಳೆಯ ಅಂಕಿಯನ್ನು ಮೊಮ್ಮಗನಿಂದ ಓದಿಸಿ, “ಇದು ತಪ್ಪೈತಿ” ಎಂದರು. ಮನೆಯಿಂದ ತಮ್ಮ ವಹಿಯನ್ನು ತರಿಸಿದರು. ಅಂದು ನಮ್ಮ ಪುಟ ನಿಜವಾಗಿ ಕೆಲಸ ಮಾಡಲು ಆರಂಭಿಸಿತು. ರೈತ ಬಾಂಧವರು ಇಂತಹ ಪುಟಗಳನ್ನು ನೋಡುವುದನ್ನು, ಪ್ರಶ್ನಿಸುವುದನ್ನು ರೂಢಿಸಿಕೊಳ್ಳಬೇಕು.